ಸಾಕೆ ಸವಿಯಲು ಒಂದು ಲೋಟ ಸಾಕೇ?

ಟೋಕಿಯೋದಲ್ಲಿ ಕನ್ನಡ ಗೆಳೆಯರು ಸೇರಿದ್ದ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ನಡುವೆ ಸಾಕೆಯ, ಅಂದರೆ ಅಕ್ಕಿಯಿಂದ ಮಾಡುವ ಜಪಾನೀ ಮದ್ಯದ, ನಾಲ್ಕು ಬಾಟಲಿಗಳ ರುಚಿ ನೋಡಿದೆವು. ಓದುವವರ ಕೈಯಲ್ಲಿ ಲೋಟ ಇರುವುದಿಲ್ಲವಲ್ಲ, ಹಾಗಾಗಿ ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಸೈಕಲ್ ತುಳಿದುಕೊಂಡು ಬಂದವರು ವಾಪಸ್ ಹೋಗುವಾಗ ತಳ್ಳಿಕೊಂಡೇ ಹೋಗಬೇಕು. ಇಲ್ಲಿ ಕುಡಿದು ಸೈಕಲ್ ಹತ್ತಿದರೂ ತಪ್ಪೇ. 2024ರ ನವೆಂಬರಿನಿಂದ ಕಾನೂನು ಇನ್ನೂ ಬಿಗಿಯಾಗಿದೆ. ಇಪ್ಪತ್ತು ವರ್ಷ ತುಂಬದವರಿಗೂ ಕುಡಿಯದವರಿಗೂ ಆ ಮೂಲೆಯಲ್ಲಿ ಬಾರ್ಲಿ ಟೀ ಇದೆ, ಕೋಡುಬಳೆಯೂ ಇದೆ.

ಹೆಸರಿನ ತಮಾಷೆಯನ್ನು ನೀವೆಲ್ಲ ಜಪಾನಿಗೆ ಬಂದ ವಾರದಲ್ಲೇ ಮಾಡಿ ಮುಗಿಸಿರುತ್ತೀರಿ. ಬಡಿಸುವವರು 'ಸಾಕೇ?' ಅನ್ನುತ್ತಾರೆ, ಕುಡಿಯುವವರು 'ಹೌದು, ಸಾಕೆ' ಅನ್ನುತ್ತಾರೆ, ಲೋಟ ಮತ್ತೆ ತುಂಬುತ್ತದೆ. ಜಪಾನೀಯರಿಗೆ 'ಸಾಕೆ' ಅಂದರೆ ಯಾವ ಮದ್ಯವಾದರೂ ಆದೀತು. ಬಿಯರೂ ಸಾಕೆ, ವಿಸ್ಕಿಯೂ ಸಾಕೆ. ಅಕ್ಕಿಯಿಂದ ಮಾಡಿದ್ದೇ ಬೇಕು ಅಂದರೆ 'ನಿಹೊನ್ಶು' ಅನ್ನಬೇಕು. ಬಾಟಲಿಯ ಮೇಲೆ 'ಸೇಯ್ಶು' ಅಂತ ಬರೆದಿರುತ್ತದೆ. ಈವತ್ತು ನಮಗೆ ಸಾಕೆ ಅನ್ನುವ ಪದವೇ ಇರಲಿ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಸಾಕೆ ಕೊಳ್ಳುತ್ತಿದ್ದ ರೀತಿ ಬಹಳ ಸರಳ. ಅಂಗಡಿಗೆ ಹೋಗುವುದು, ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಕೇಳುವುದು, ಕೈಗೆಟುಕುವಷ್ಟು ದುಡ್ಡು ಕೊಟ್ಟು ಒಂದು ಬಾಟಲಿ ತರುವುದು. ಕುಡಿದ ಮೇಲೆ ಹೇಳಲು ನನ್ನಲ್ಲಿ ಎರಡೇ ಮಾತು ಇರುತ್ತಿತ್ತು. ಚೆನ್ನಾಗಿದೆ, ಇಲ್ಲವೇ ಪರವಾಗಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ನಮ್ಮ ಬೀದಿಯ ಸಾಕೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಕೂರುತ್ತಾರೆ. ಒಂದು ದಿನ ಅವರು ನಾನು ಆರಿಸಿದ್ದ ದೊಡ್ಡ ಬಾಟಲಿಯನ್ನು ವಾಪಸ್ ಕಪಾಟಿಗೆ ಇಟ್ಟರು. ಅದರ ಬದಲು 300 ಮಿಲಿಯ ಎರಡು ಪುಟ್ಟ ಬಾಟಲಿ ಮುಂದೆ ಇಟ್ಟು, ಎರಡನ್ನೂ ಒಟ್ಟಿಗೆ ತೆರೆ, ಒಂದೊಂದೇ ತೆರೆಯಬೇಡ ಅಂದರು. ಅಷ್ಟೇ ಪಾಠ. ನಾನು ಈವತ್ತು ಹೇಳಲು ಹೊರಟಿರುವುದೂ ಅದನ್ನೇ. ಸಾಕೆಯನ್ನು ಒಂದೇ ಲೋಟದಲ್ಲಿ ಕುಡಿಯಬಹುದು, ಆದರೆ ತಿಳಿಯಲು ಎರಡು ಲೋಟ ಬೇಕು. ಆ ಎರಡರ ನಡುವೆ ಒಂದೇ ಒಂದು ವಿಷಯ ಬೇರೆ ಇರಬೇಕು.

ಇದು ಅಜ್ಜಿಯೇ ಮೊದಲು ಕಂಡುಹಿಡಿದದ್ದಲ್ಲ. 1840ರ ಸುಮಾರಿಗೆ ಯಾಮಾಮುರಾ ತಾಝಾಏಮೊನ್ ಅನ್ನುವ ಸಾಕೆ ತಯಾರಕ ಇದ್ದ. ಈಗಿನ ಕೋಬೆಯಿಂದ ನಿಶಿನೊಮಿಯಾದವರೆಗಿನ ನಾದಾ ಸೀಮೆಯಲ್ಲಿ ಅವನಿಗೆ ಎರಡು ಕಡೆ ಸಾಕೆ ಮನೆಗಳಿದ್ದವು. ಒಂದು ಉಒಝಾಕಿಯಲ್ಲಿ, ಇನ್ನೊಂದು ನಿಶಿನೊಮಿಯಾದಲ್ಲಿ. ಸಾಕೆ ಮಾಡುವ ಜಾಗಕ್ಕೆ ಇಲ್ಲಿ 'ಕುರಾ' ಅನ್ನುತ್ತಾರೆ. ಎರಡೂ ಕುರಾಗಳ ಒಡೆಯ ಒಬ್ಬನೇ, ಆದರೂ ನಿಶಿನೊಮಿಯಾದ ಸಾಕೆ ಯಾವಾಗಲೂ ಒಂದು ಕೈ ಮೇಲು. ಯಾಕೆ ಅಂತ ಇವನಿಗೆ ತಲೆ ಕೆಟ್ಟಿತು. ಎರಡೂ ಕಡೆ ಒಂದೇ ಅಕ್ಕಿ ಕೊಟ್ಟ. ತಯಾರಿಯ ಮೇಸ್ತ್ರಿಗೆ 'ತೋಜಿ' ಅನ್ನುತ್ತಾರೆ, ಆ ತೋಜಿಯನ್ನೇ ಅದಲುಬದಲು ಮಾಡಿ ನೋಡಿದ. ಏನೂ ವ್ಯತ್ಯಾಸ ಆಗಲಿಲ್ಲ. ಕೊನೆಗೆ ನಿಶಿನೊಮಿಯಾದ ಬಾವಿಯ ನೀರನ್ನು ಉಒಝಾಕಿಗೆ ಸಾಗಿಸಿ ಅದರಲ್ಲಿ ಸಾಕೆ ಮಾಡಿಸಿದ. ಆಗ ಎರಡೂ ಕಡೆಯ ಸಾಕೆ ಒಂದೇ ಮಟ್ಟಕ್ಕೆ ಬಂತು. ಆ ನೀರಿಗೆ ಈಗ 'ಮಿಯಾಮಿಝು' ಅಂತ ಹೆಸರು. ಗಡಸು ನೀರು. ಯೀಸ್ಟಿಗೆ ಬೇಕಾದ ಖನಿಜ ಧಾರಾಳ, ಸಾಕೆಯ ಬಣ್ಣ ಮತ್ತು ರುಚಿ ಕೆಡಿಸುವ ಕಬ್ಬಿಣ ಬಹಳ ಕಡಿಮೆ. ಲ್ಯಾಬು ಇಲ್ಲದ ಕಾಲದಲ್ಲಿ ಒಬ್ಬ ವ್ಯಾಪಾರಿ ಒಂದೊಂದೇ ವಿಷಯ ಬದಲಿಸುತ್ತಾ ಹೋಗಿ ಉತ್ತರ ಹಿಡಿದ. ನನಗೆ ಸಾಕೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಥೆ ಇದು.

ನೀರಿನ ಮಾತು ಬಂತಲ್ಲ, ಇನ್ನೊಂದು ಸಾಲು ಹೇಳಿ ಮುಂದೆ ಹೋಗುತ್ತೇನೆ. ನಾದಾದ್ದು ಗಂಡು ಸಾಕೆ, ಕ್ಯೋತೋದ ಫುಶಿಮಿಯದ್ದು ಹೆಣ್ಣು ಸಾಕೆ ಅಂತ ಇಲ್ಲಿ ಒಂದು ಹಳೇ ಮಾತಿದೆ. ಗಡಸು ನೀರಿನಲ್ಲಿ ಹುದುಗುವಿಕೆ ಜೋರು, ಸಾಕೆ ಖಡಕ್ಕಾಗಿ ಬರುತ್ತದೆ. ಫುಶಿಮಿಯ ನೀರು ಅದಕ್ಕಿಂತ ಮೆದು, ಸಾಕೆಯೂ ಮೆದು. ಹಿರೋಶಿಮಾದವರ ಪಾಡು ಇನ್ನೂ ಕಷ್ಟದ್ದಾಗಿತ್ತು. ಅಲ್ಲಿಯ ನೀರು ಎಷ್ಟು ಮೆದು ಅಂದರೆ ಯೀಸ್ಟು ಕೆಲಸವನ್ನೇ ಸರಿಯಾಗಿ ಮಾಡುತ್ತಿರಲಿಲ್ಲ. ಮಿಯುರಾ ಸೆನ್‌ಝಾಬುರೋ ಅನ್ನುವವರು ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಕ್ರಮ ಕಂಡುಕೊಂಡು 1898ರಲ್ಲಿ ಅದನ್ನು ಅಚ್ಚು ಹಾಕಿಸಿ ಹಂಚಿದರು. ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಈವತ್ತಿನ ಘಮಘಮ ಸಾಕೆಗಳ ಬೇರು ಆ ನಿಧಾನದ ಹುದುಗುವಿಕೆಯಲ್ಲಿದೆ.

ಈಗ ಲೋಟದ ಕಡೆ ಬರೋಣ. ನಿಮ್ಮ ಮುಂದಿರುವ ಬಿಳಿ ಪಿಂಗಾಣಿ ಲೋಟದ ತಳ ನೋಡಿ. ನೀಲಿ ಬಣ್ಣದ ಎರಡು ಉಂಗುರ ಇವೆ. ಇದನ್ನು ಹಾವಿನ ಕಣ್ಣು ಅನ್ನುತ್ತಾರೆ. ಅಂದಕ್ಕೆ ಬರೆದದ್ದಲ್ಲ ಇದು. ಬಿಳಿಯ ಮೇಲೆ ಸಾಕೆಯ ಬಣ್ಣ ಗೊತ್ತಾಗುತ್ತದೆ, ನೀಲಿ ಅಂಚಿನ ಮೇಲೆ ಅದು ತಿಳಿಯೋ ಮಬ್ಬೋ ಅನ್ನುವುದು ಗೊತ್ತಾಗುತ್ತದೆ. ಪರೀಕ್ಷಕರು ಬಳಸುವುದು 180 ಮಿಲಿಯ ದೊಡ್ಡ ಲೋಟ, ನಮ್ಮದು ಅದರ ಮರಿ. ಸಾಕೆ ಸ್ವಲ್ಪ ಹಳದಿ ಇದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಸಾಕೆಯ ಸಹಜ ಬಣ್ಣವೇ ತೆಳು ಹಳದಿ. ನೀರಿನಂತೆ ಕಾಣುವ ಸಾಕೆಯನ್ನು ಬಹುಪಾಲು ಇದ್ದಿಲಿನಲ್ಲಿ ಸೋಸಿರುತ್ತಾರೆ. ಬಾಯಿಗೆ ಒಂದು ಚಮಚದಷ್ಟು ತೆಗೆದುಕೊಳ್ಳಿ. ಸೊರ್ ಅಂತ ಗಾಳಿ ಎಳೆದು ನಾಲಿಗೆಯ ತುಂಬ ಆಡಿಸಿ. ಚಿಕ್ಕಮಗಳೂರಿನ ಕಡೆ ಕಾಫಿ ರುಚಿ ನೋಡುವವರು ಎಳೆಯುತ್ತಾರಲ್ಲ, ಅದೇ ಸದ್ದು. ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪ್ರತಿ ಲೋಟಕ್ಕೂ ಅಷ್ಟೇ ನೀರು ಕುಡಿಯಿರಿ. ಜಪಾನೀಯರೂ ಹಾಗೇ ಮಾಡುತ್ತಾರೆ, ಅದಕ್ಕೊಂದು ಬೇರೆ ಹೆಸರೇ ಇಟ್ಟಿದ್ದಾರೆ: 'ಯಾವರಾಗಿ ಮಿಝು', ಮೆತ್ತಗಾಗಿಸುವ ನೀರು.

ಮೊದಲ ಜೋಡಿ. ಎಡಗಡೆ ಜುನ್ಮಾಯ್, ಬಲಗಡೆ ಜುನ್ಮಾಯ್ ದಾಯ್ಗಿಂಜೊ. ಹೊರಗಿನಿಂದ ಮದ್ಯಸಾರ ಬೆರೆಸದ ಸಾಕೆಗೆ ಜುನ್ಮಾಯ್ ಅನ್ನುತ್ತಾರೆ. ಎರಡೂ ಒಂದೇ ಕುರಾದವು. ಮುಖ್ಯ ವ್ಯತ್ಯಾಸ ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡಿದ್ದಾರೆ ಅನ್ನುವುದು.

ನಾವು ಊಟಕ್ಕೆ ಬೇಯಿಸುವ ಬಿಳಿ ಅಕ್ಕಿಯಲ್ಲಿ ಹೊರಗಿನ ಸುಮಾರು ಹತ್ತನೇ ಒಂದು ಪಾಲು ತೌಡಾಗಿ ಹೋಗಿರುತ್ತದೆ. ಸಾಕೆಗೆ ಇನ್ನೂ ಒಳಕ್ಕೆ ಹೋಗುತ್ತಾರೆ. ಹೊರಪದರದಲ್ಲಿ ಕೊಬ್ಬು, ಪ್ರೋಟೀನು ಜಾಸ್ತಿ. ಕೊಬ್ಬು ಇದ್ದರೆ ಹಣ್ಣಿನಂಥ ಘಮ ಹುಟ್ಟುವುದಿಲ್ಲ. ಪ್ರೋಟೀನು ಹೆಚ್ಚಿದರೆ ರುಚಿ ಗಟ್ಟಿಯಾಗುತ್ತದೆ, ಭಾರವಾಗುತ್ತದೆ. ನಡುವೆ ಇರುವುದು ಬಹುಪಾಲು ಪಿಷ್ಟ. ಬಾಟಲಿಯ ಹಿಂದೆ ಶೇಕಡಾ 50 ಅಂತ ಬರೆದಿದ್ದರೆ ಅಷ್ಟು ಹೋಗಿದೆ ಅಂತಲ್ಲ, ಅಷ್ಟು ಉಳಿದಿದೆ ಅಂತ. 60 ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಗಿಂಜೊ ಅನ್ನಬಹುದು, 50ಕ್ಕೆ ಇಳಿದರೆ ದಾಯ್ಗಿಂಜೊ. ಯಾಮಾಗುಚಿಯ 'ದಸ್ಸಾಯ್ 23' ನೀವೆಲ್ಲ ಏರ್‌ಪೋರ್ಟಿನಲ್ಲಿ ನೋಡಿರುತ್ತೀರಿ. ಅಲ್ಲಿ ಕಾಳಿನ 77 ಪಾಲು ಹೋಗಿ 23 ಪಾಲು ಉಳಿದಿದೆ. ಯಾಮಾಗಾತಾದ ತಾತೆನೊಕಾವಾ ಕುರಾದವರು ಶೇಕಡಾ 1ರವರೆಗೂ ಅರೆದು ಒಂದು ಸಾಕೆ ಮಾಡಿದ್ದಾರೆ. ಊರಿನ ನಮ್ಮಜ್ಜಿ ಇದ್ದಿದ್ದರೆ ಅನ್ನ ದೇವರಿಗೆ ಅವಮಾನ ಅಂತ ಬೈದು ಬಿಡುತ್ತಿದ್ದಳು. ತೌಡು ವ್ಯರ್ಥ ಆಗುವುದಿಲ್ಲ ಅನ್ನಿ. ಒಳಗಿನ ಬಿಳಿ ಹಿಟ್ಟು ಅಕ್ಕಿಯ ಬಿಸ್ಕತ್ತಿಗೆ ಹೋಗುತ್ತದೆ, ಹೊರಗಿನದು ದನದ ಮೇವಿಗೆ.

ಈಗ ಮೂಸಿ ನೋಡಿ. ಬಲಗಡೆಯದರಲ್ಲಿ ಸೇಬು ಬರುತ್ತಿದೆಯಾ? ಹಿಂದಿನ ಸಾಲಿನವರು ಬಾಳೆಹಣ್ಣು ಅನ್ನುತ್ತಿದ್ದಾರೆ. ಇಬ್ಬರೂ ಸರಿ. ತಂಪಿನಲ್ಲಿ, ಸುಮಾರು ಹತ್ತು ಡಿಗ್ರಿಯಲ್ಲಿ, ಒಂದು ತಿಂಗಳ ಹತ್ತಿರ ಒದ್ದಾಡುವ ಯೀಸ್ಟು ಈ ಎರಡು ಘಮಗಳನ್ನೂ ಹುಟ್ಟಿಸುತ್ತದೆ. ಸೇಬಿನದ್ದು ಈಥೈಲ್ ಕ್ಯಾಪ್ರೊಯೇಟ್, ಬಾಳೆಯದ್ದು ಐಸೊಅಮೈಲ್ ಅಸಿಟೇಟ್. ಹಣ್ಣು ಒಂದೂ ಹಾಕಿಲ್ಲ. ಅಕ್ಕಿ, ನೀರು, ಕೋಜಿ, ಯೀಸ್ಟು ಅಷ್ಟೇ. ಎಡಗಡೆಯದರಲ್ಲಿ ಹೊಸ ಅಕ್ಕಿಯ ಗಂಜಿ, ಸ್ವಲ್ಪ ಹುಳಿ, ನಾಲಿಗೆಯ ಬುಡದಲ್ಲಿ ಒಂದು ಸಾರದ ರುಚಿ. ಘಮ ಕಡಿಮೆ.

ಯಾವುದು ಒಳ್ಳೆಯದು? ಮೊದಲ ಗುಟುಕಿಗೆ ಕೈ ಎತ್ತಿ ಅಂದರೆ ಹೆಚ್ಚಿನವರು ದಾಯ್ಗಿಂಜೊಗೇ ಎತ್ತುತ್ತೀರಿ. ಕೋಡುಬಳೆ ತಿಂದು ಮೂರನೇ ಗುಟುಕಿಗೆ ಕೈ ಎತ್ತಿಸಿದರೆ ಲೆಕ್ಕ ಬದಲಾಗುತ್ತದೆ. ಘಮದ ಸಾಕೆ ಒಂಟಿಯಾಗಿ ಚೆಂದ. ಊಟದ ಜೊತೆ ಅದು ಮದುವೆ ಮನೆಯಲ್ಲಿ ಅತ್ತರು ಜಾಸ್ತಿ ಹಾಕಿಕೊಂಡು ಬಂದ ನೆಂಟರಂತೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಆಮೇಲೆ ಬನ್ನಿ.

ಕೋಜಿ ಬಗ್ಗೆ ಹೇಳದೆ ಹೋದರೆ ಯಾವ ಜೋಡಿಯೂ ಅರ್ಥವಾಗುವುದಿಲ್ಲ. ದ್ರಾಕ್ಷಿಯಲ್ಲಿ ಸಕ್ಕರೆ ಇದೆ, ಯೀಸ್ಟು ನೇರವಾಗಿ ತಿನ್ನುತ್ತದೆ. ಅಕ್ಕಿಯಲ್ಲಿ ಪಿಷ್ಟ ಇದೆ, ಯೀಸ್ಟಿಗೆ ಅದು ಜಗಿಯಲು ಬರುವುದಿಲ್ಲ. ಅದಕ್ಕೇ ಕೋಜಿ ಅನ್ನುವ ಒಂದು ಬೂಷ್ಟು ಬೇಕು. ಹಬೆಯಲ್ಲಿ ಬೇಯಿಸಿದ ಅಕ್ಕಿಯನ್ನು ಬಿಸಿ ಕೋಣೆಯಲ್ಲಿ ಹರಡಿ, ಹಸಿರು ಪುಡಿಯಂಥ ಬೀಜಕಗಳನ್ನು ಮೇಲಿನಿಂದ ಉದುರಿಸುತ್ತಾರೆ. ಎರಡು ದಿನ ರಾತ್ರಿ ಹಗಲು ನೋಡಿಕೊಳ್ಳಬೇಕು, ಮಗುವನ್ನು ನೋಡಿಕೊಂಡ ಹಾಗೆ. ಹೊದಿಸುವುದು, ತೆರೆಯುವುದು, ಕೈಯಲ್ಲಿ ಬಿಡಿಸುವುದು. ಕೊನೆಗೆ ಪ್ರತಿ ಕಾಳಿನ ಮೇಲೂ ಬಿಳಿ ಬೂಷ್ಟು ಹಿಡಿದಿರುತ್ತದೆ. ಬಾಯಿಗೆ ಹಾಕಿಕೊಂಡರೆ ಸಿಹಿ. ಈ ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತಾ ಹೋಗುತ್ತದೆ, ಅದೇ ತೊಟ್ಟಿಯಲ್ಲಿ ಅದೇ ಹೊತ್ತಿಗೆ ಯೀಸ್ಟು ಆ ಸಕ್ಕರೆಯನ್ನು ಮದ್ಯ ಮಾಡುತ್ತಾ ಹೋಗುತ್ತದೆ. ಬಿಯರಿನಲ್ಲಿ ಇವೆರಡು ಒಂದಾದ ಮೇಲೊಂದು ನಡೆಯುವ ಕೆಲಸ. ಇಲ್ಲಿ ಎರಡೂ ಒಟ್ಟಿಗೆ. ಯೀಸ್ಟಿಗೆ ಒಮ್ಮೆಲೇ ಸಕ್ಕರೆ ಸುರಿಯದೆ ಹೊತ್ತುಹೊತ್ತಿಗೆ ಬಡಿಸಿದಂತೆ. ಅದರಿಂದಲೇ ಬಟ್ಟಿ ಇಳಿಸದೆಯೂ ಸಾಕೆಯ ಮದ್ಯಸಾರ ಶೇಕಡಾ 20ರ ಹತ್ತಿರ ಹೋಗಬಲ್ಲದು. ಆಮೇಲೆ ನೀರು ಬೆರೆಸಿ 15, 16ಕ್ಕೆ ಇಳಿಸುತ್ತಾರೆ. ನೀರು ಬೆರೆಸದೆ ಬಿಟ್ಟರೆ ಅದು 'ಗೆನ್ಶು'. ಈ ಕೋಜಿ ಕೌಶಲವನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೇ ಜೋಡಿಯನ್ನು ಬೇಗ ಮುಗಿಸುತ್ತೇನೆ. ಎಡಗಡೆ ಅದೇ ಜುನ್ಮಾಯ್, ಅದನ್ನು ಕದಲಿಸಬೇಡಿ. ಬಲಗಡೆ ಹೊಂಜೊಜೊ. ಇದರಲ್ಲಿ ಹಿಂಡುವ ಮುಂಚೆ ಸ್ವಲ್ಪ ಶುದ್ಧ ಮದ್ಯಸಾರ ಸೇರಿಸಿರುತ್ತಾರೆ. ಬಳಸಿದ ಅಕ್ಕಿಯ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಸೇರಿಸುವಂತಿಲ್ಲ. ಇದು ಕೇಳಿದ ಕೂಡಲೇ ನಮ್ಮವರು ಮುಖ ಸಿಂಡರಿಸುತ್ತಾರೆ, ಕಲಬೆರಕೆ ಅಂತ. ಆ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಅಕ್ಕಿಯೇ ಸಿಗುತ್ತಿರಲಿಲ್ಲ. ಆಗ ಮದ್ಯಸಾರ, ಸಕ್ಕರೆ, ಆಮ್ಲ ಎಲ್ಲ ಸೇರಿಸಿ ಒಂದು ಪಾಲನ್ನು ಮೂರು ಪಾಲು ಮಾಡಿ ಮಾರಿದರು. ಅಕ್ಕಿ ಬಂದ ಮೇಲೂ ಆ ಚಾಳಿ ದಶಕಗಳ ಕಾಲ ಉಳಿಯಿತು. ಸಾಕೆ ಕುಡಿದರೆ ತಲೆನೋವು ಅನ್ನುವ ಹೆಸರು ಬಂದದ್ದೂ ಆ ಕಾಲದಲ್ಲೇ. ಆದರೆ ಹೊಂಜೊಜೊದ ಕಥೆ ಬೇರೆ. ಘಮದ ಅಂಶಗಳು ನೀರಿಗಿಂತ ಮದ್ಯದಲ್ಲಿ ಚೆನ್ನಾಗಿ ಕರಗುತ್ತವೆ. ಸ್ವಲ್ಪ ಸೇರಿಸಿದರೆ ಅವು ಗಷ್ಟದಲ್ಲೇ ಉಳಿಯದೆ ಸಾಕೆಯೊಳಗೆ ಬರುತ್ತವೆ. ಬಾಯಿಯಲ್ಲಿ ನೋಡಿ, ಹೇಗೆ ಹಗುರವಾಗಿ ಬಂದು ಸಟ್ಟನೆ ಮಾಯವಾಗುತ್ತದೆ. ಬೋಂಡ, ತೆಂಪುರಾ, ಹೀಗೆ ಎಣ್ಣೆ ತಿಂಡಿಯ ಜೊತೆ ನನಗೆ ಇದೇ ಬೇಕು. ಜುನ್ಮಾಯ್ ಒಂದೇ ಶುದ್ಧ ಅನ್ನುವ ಹಠ ಬೇಡ.

ಬಾಟಲಿ ನೋಡಿ ದರ್ಜೆ ತೀರ್ಮಾನಿಸುವ ಅಭ್ಯಾಸಕ್ಕೆ ಜಪಾನೀಯರೇ ಒಮ್ಮೆ ಚೆನ್ನಾಗಿ ಪಾಠ ಕಲಿಸಿದರು. 1992ರವರೆಗೆ ಇಲ್ಲಿ ಸರಕಾರದ ದರ್ಜೆಗಳಿದ್ದವು. ವಿಶೇಷ ದರ್ಜೆ, ಒಂದನೇ ದರ್ಜೆ, ಎರಡನೇ ದರ್ಜೆ. ಮೇಲಿನ ದರ್ಜೆ ಬೇಕಾದರೆ ಪರೀಕ್ಷೆಗೆ ಕೊಡಬೇಕು, ತೆರಿಗೆಯೂ ಜಾಸ್ತಿ ಕಟ್ಟಬೇಕು. ಪರೀಕ್ಷೆಗೇ ಕೊಡದಿದ್ದರೆ ಸೀದಾ ಎರಡನೇ ದರ್ಜೆ, ತೆರಿಗೆ ಕಡಿಮೆ. ಮಿಯಾಗಿಯ ಇಚಿನೊಕುರಾದವರು 1977ರಲ್ಲಿ ಒಂದು ಒಳ್ಳೆಯ ಹೊಂಜೊಜೊ ಮಾಡಿ ಪರೀಕ್ಷೆಗೆ ಕೊಡಲೇ ಇಲ್ಲ. 'ಮುಕಾನ್ಸಾ', ಅಂದರೆ 'ಪರೀಕ್ಷೆ ಆಗದ್ದು' ಅಂತ ಹೆಸರನ್ನೇ ಇಟ್ಟು ಎರಡನೇ ದರ್ಜೆಯಲ್ಲಿ ಮಾರಿದರು. ಜನ ಕುಡಿದು ನೋಡಿದರು, ದರ್ಜೆಯನ್ನು ಮರೆತರು. ಆ ಸಾಕೆ ಈಗಲೂ ಅದೇ ಹೆಸರಿನಲ್ಲಿ ಸಿಗುತ್ತದೆ.

ಮೂರನೇ ಜೋಡಿಗೆ ನಾನು ಕಾಯುತ್ತಿದ್ದೆ. ಎಡಗಡೆ ಮತ್ತೆ ಅದೇ ಜುನ್ಮಾಯ್. ಬಲಗಡೆ ಇಶಿಕಾವಾದ ಒಂದು ಯಾಮಾಹಾಯ್ ಜುನ್ಮಾಯ್. ಮೂಸಿ. ಮುಂದಿನ ಸಾಲಿನಲ್ಲಿ ಯಾರೋ 'ಅಯ್ಯೋ, ಮಜ್ಜಿಗೆ!' ಅಂದರು. ಭೇಷ್.

ಸಾಕೆ ಮಾಡುವಾಗ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಯೀಸ್ಟು ಬೆಳೆಸುತ್ತಾರೆ. ಹಾಲಿಗೆ ಹಾಕುವ ಹೆಪ್ಪು ಅಂದುಕೊಳ್ಳಿ. ಆ ತೊಟ್ಟಿ ಹುಳಿಯಾಗಿರಬೇಕು, ಇಲ್ಲದಿದ್ದರೆ ಬೇಡದ ಕ್ರಿಮಿಗಳು ಸೇರಿ ಎಲ್ಲ ಕೆಡುತ್ತದೆ. 1910ರಿಂದೀಚೆಗೆ ಇರುವ ಸುಲಭದ ದಾರಿ ಏನೆಂದರೆ ಲ್ಯಾಕ್ಟಿಕ್ ಆಮ್ಲವನ್ನು ಹೊರಗಿನಿಂದ ಸುರಿದುಬಿಡುವುದು. ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಈವತ್ತಿನ ಹೆಚ್ಚಿನ ಸಾಕೆ ಹೀಗೇ ಆಗುವುದು, ನಿಮ್ಮ ಎಡಗಡೆಯದೂ ಹೌದು. ಹಳೆಯ ದಾರಿಯಲ್ಲಿ ಗಾಳಿಯಲ್ಲಿರುವ, ಕುರಾದೊಳಗಿರುವ ಬ್ಯಾಕ್ಟೀರಿಯಾಗಳೇ ಬಂದು ಹುಳಿ ಮಾಡಲಿ ಅಂತ ಕಾಯಬೇಕು. ಸುಮಾರು ಒಂದು ತಿಂಗಳು. ಅದಕ್ಕೆ 'ಕಿಮೊತೊ' ಅನ್ನುತ್ತಾರೆ. ಅದರಲ್ಲಿ ಚಳಿಗಾಲದ ರಾತ್ರಿ ಅನ್ನ, ಕೋಜಿ, ನೀರನ್ನು ಅಗಲವಾದ ಮರದ ತೊಟ್ಟಿಗಳಲ್ಲಿ ಹಾಕಿ ಉದ್ದ ಕೋಲುಗಳಿಂದ ಅರೆಯುತ್ತಿದ್ದರು. ಹೊತ್ತು ಗೊತ್ತಾಗಲಿ ಅಂತ ಹಾಡು ಹೇಳುತ್ತಾ ಅರೆಯುತ್ತಿದ್ದರು, ನಮ್ಮಲ್ಲಿ ಬೀಸುವ ಕಲ್ಲಿನ ಪದ ಇರಲಿಲ್ಲವಾ, ಹಾಗೆ. 1909ರಲ್ಲಿ ಸರಕಾರಿ ಸಾಕೆ ಸಂಶೋಧನಾಲಯದವರು ಪರೀಕ್ಷೆ ಮಾಡಿ ನೋಡಿದರು. ಅರೆಯದೇ ಬಿಟ್ಟರೂ ಕೋಜಿಯೇ ಅನ್ನವನ್ನು ಕರಗಿಸುತ್ತದೆ ಅಂತ ಗೊತ್ತಾಯಿತು. ಅರೆಯುವ ಕೆಲಸಕ್ಕೆ 'ಯಾಮಾ ಓರೊಶಿ' ಅಂತ ಹೆಸರು. ಅದನ್ನು ಬಿಟ್ಟದ್ದರಿಂದ 'ಯಾಮಾಹಾಯ್'. ಎಷ್ಟು ಜನರ ಸೊಂಟ ಉಳಿಯಿತೋ ಏನೋ! ಫುಕುಶಿಮಾದ ದಾಯ್ಶಿಚಿಯಂಥ ಕೆಲವು ಕುರಾಗಳು ಮಾತ್ರ ಇಂದಿಗೂ ಕಿಮೊತೊವನ್ನೇ ಹಿಡಿದುಕೊಂಡಿವೆ.

ಈಗ ನಮಗೆ ಸಂಬಂಧಪಟ್ಟ ವಿಷಯ. ಆ ತೊಟ್ಟಿಯನ್ನು ಹುಳಿ ಮಾಡಲು ಬರುವ ಬ್ಯಾಕ್ಟೀರಿಯಾಗಳಲ್ಲಿ ಒಂದರ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿರುತ್ತದಲ್ಲ, ಆ ಕೆಲಸ ಮಾಡುವುದರಲ್ಲೂ ಮುಖ್ಯವಾದದ್ದು ಇದೇ ಜಾತಿ. ಇಲ್ಲಿಯ ಜನವರಿಯಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ ಅಂತ ಕಂಬಳಿ ಹೊದಿಸಿ, ಓವನ್ನಿನಲ್ಲಿ ಲೈಟು ಹಾಕಿಟ್ಟು ಒದ್ದಾಡುವವರು ನಾವು. ಕುರಾದವರು ಅದನ್ನೇ ಬೇಕೆಂದು ಆರೇಳು ಡಿಗ್ರಿ ಚಳಿಯಲ್ಲಿ ಶುರು ಮಾಡುತ್ತಾರೆ, ನಿಧಾನವೇ ಅವರಿಗೆ ಬೇಕಾದದ್ದು. ಕುಡಿದು ನೋಡಿ. ಹುಳಿ ಇದೆ, ಆದರೆ ನಿಂಬೆಯ ಹುಳಿಯಲ್ಲ, ಮೊಸರಿನ ಹುಳಿ. ಹಿಂದೆ ಒಂದು ಗಟ್ಟಿ ಸಾರ ಇದೆ.

ಈ ತಟ್ಟೆಯಲ್ಲಿ ಹುರಿದ ಮಜ್ಜಿಗೆ ಮೆಣಸಿನಕಾಯಿ ಇಟ್ಟಿದ್ದೇನೆ. ಒಂದು ತುಂಡು ಕಚ್ಚಿ, ಯಾಮಾಹಾಯ್ ಒಂದು ಗುಟುಕು. ಇದು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಮಳೆ ಬಂದ ಒಂದು ಸಂಜೆ ಮನೆಯಲ್ಲಿ ಬೇರೇನೂ ಇಲ್ಲದಾಗ ಆದದ್ದು. ದಾಯ್ಗಿಂಜೊ ಜೊತೆ ಇದನ್ನೇ ಮಾಡಿದರೆ ಆ ಬಾಟಲಿಯ ದುಡ್ಡು ನೀರಿನಲ್ಲಿ ಹೋಮ. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ ಇದ್ದೀರಿ, ಇಝಾಕಾಯಾಗೆ, ಅಂದರೆ ಕುಡಿಯಲು ಕೂರುವ ಇಲ್ಲಿಯ ಹೋಟೆಲಿಗೆ, ಹೋದರೆ ತಿನ್ನಲು ಏನಿದೆ ಅಂತ ಕೇಳುತ್ತೀರಿ. ಬೇಯಿಸಿದ ಎದಮಾಮೆ, ಅಂದರೆ ಎಳೆಯ ಸೋಯಾ ಕಾಯಿ ಇದೆ, ಸೋಯಾ ಹುದುಗಿಸಿದ ಮಿಸೊ ಹಚ್ಚಿದ ಸೌತೆಕಾಯಿ ಇದೆ, ತಣ್ಣನೆಯ ತೋಫು ಇದೆ. ತೋಫು ಮೇಲೆ ಒಣಮೀನಿನ ಚೂರು ಉದುರಿಸಬೇಡಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅದು ಕೇಳದೆಯೇ ತಟ್ಟೆಯ ಮೇಲೆ ಬಂದಿರುತ್ತದೆ.

ಈಗ ಒಲೆಯ ಹತ್ತಿರ ಬನ್ನಿ. ನಾಲ್ಕನೇ ಜೋಡಿಯಲ್ಲಿ ಬಾಟಲಿ ಒಂದೇ, ಬೇರೆ ಇರುವುದು ಬಿಸಿ ಮಾತ್ರ.

ಜಪಾನೀಯರು ಸಾಕೆಯ ಒಂದೊಂದು ಬಿಸಿಗೂ ಒಂದೊಂದು ಹೆಸರು ಇಟ್ಟಿದ್ದಾರೆ. ಐದು ಡಿಗ್ರಿಗೆ ಹಿಮದ ತಂಪು, ಹತ್ತಕ್ಕೆ ಹೂವಿನ ತಂಪು, ಹದಿನೈದಕ್ಕೆ ತಂಗಾಳಿಯ ತಂಪು. ಮೂವತ್ತು ಬಿಸಿಲಿನ ಬೆಚ್ಚಗೆ, ಮೂವತ್ತೈದು ಮೈ ಬೆಚ್ಚಗೆ. ನಲವತ್ತರದ್ದು 'ನುರುಕಾನ್', ಐವತ್ತರದ್ದು 'ಅತ್ಸುಕಾನ್'. ನಮ್ಮಲ್ಲಿ ಉಗುರುಬೆಚ್ಚಗೆ ಅನ್ನುತ್ತೇವಲ್ಲ, ಅದಕ್ಕೆ ಸರಿಹೊಂದುವುದು ನುರುಕಾನ್ ಅಂತ ನನ್ನ ಲೆಕ್ಕ.

ಈ ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿದ್ದೇನೆ. ತೊಕ್ಕುರಿಗೆ, ಅಂದರೆ ಈ ಕತ್ತು ಸಣ್ಣಗಿರುವ ಹೂಜಿಗೆ, ಯಾಮಾಹಾಯ್ ಹಾಕಿದೆ. ಕತ್ತಿನವರೆಗೆ ತುಂಬಿಸಬಾರದು. ಭುಜದವರೆಗೆ ಬಿಸಿನೀರಿನಲ್ಲಿ ಮುಳುಗಿಸಿದೆ. ಕತ್ತಿನೊಳಗೆ ನೋಡುತ್ತಿರಿ. ಸಾಕೆ ಮೆಲ್ಲಗೆ ಮೇಲೇರುತ್ತಿದೆ, ಕಂಡಿತಾ? ಬಿಸಿಗೆ ಹಿಗ್ಗುತ್ತಿದೆ. ಸಣ್ಣ ಗುಳ್ಳೆಗಳು ಗೋಡೆಗೆ ಅಂಟಿಕೊಂಡಿವೆ. ಈಗ ಎತ್ತಿ ತಳ ಮುಟ್ಟಿ. ಬೆರಳಿಗೆ ಬೆಚ್ಚಗೆ, ಸುಡುತ್ತಿಲ್ಲ. ಥರ್ಮಾಮೀಟರು 41 ತೋರಿಸುತ್ತಿದೆ. ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ತಣ್ಣಗಿದ್ದದ್ದನ್ನು ಮೊದಲು ಕುಡಿಯಿರಿ, ಆಮೇಲೆ ಇದನ್ನು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ತಣ್ಣಗಿದ್ದಾಗ ಎದ್ದು ಕಾಣುತ್ತಿದ್ದ ಹುಳಿ ಬೆಚ್ಚಗಾದ ಮೇಲೆ ಒಳಗೆ ಸರಿದು, ಸಿಹಿ ಮುಂದೆ ಬಂದಿತ್ತು. ಅದೇ ತೊಕ್ಕುರಿಯನ್ನು 50ಕ್ಕೆ ಏರಿಸಿದಾಗ ಮತ್ತೆ ಖಾರವಾಯಿತು, ಮೂಗಿಗೆ ಮದ್ಯ ಹೊಡೆಯಿತು. ಆರುತ್ತಾ ಆರುತ್ತಾ ಮತ್ತೆ ಮೆತ್ತಗಾಯಿತು. ಬಿಸಿ ಮಾಡುವುದು ಅಗ್ಗದ ಸಾಕೆಯ ದೋಷ ಮುಚ್ಚಲು ಅಂತ ಹೇಳುವವರನ್ನು ನೀವು ಕಂಡಿರಬಹುದು. ಅವರಿಗೆ ಒಂದು ನುರುಕಾನ್ ಕೊಟ್ಟು ಸುಮ್ನೆ ಕೂತುಬಿಡಿ. ದಾಯ್ಗಿಂಜೊವನ್ನು ಮಾತ್ರ ಮೈಕ್ರೊವೇವಿಗೆ ಹಾಕಬೇಡಿ. ನಾನು ಹಾಕಿದ್ದೇನೆ. ಸೇಬೆಲ್ಲ ಅಡುಗೆಮನೆಯ ಗಾಳಿಗೆ ಹೋಯಿತು, ಲೋಟದಲ್ಲಿ ಬಿಸಿ ನೀರಿನಂಥದ್ದು ಉಳಿಯಿತು.

ನನ್ನ ತಪ್ಪುಗಳ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದೊಂದಿದೆ. ಒಂದು ವರ್ಷ ಮಾರ್ಚಿನಲ್ಲಿ ಊರಿಗೆ ಹೋಗುವಾಗ ಭಾವನಿಗೆ ಅಂತ ಒಂದು ಚೆಂದದ ಬಾಟಲಿ ಒಯ್ದೆ. ಅವರು ಊರಲ್ಲಿರಲಿಲ್ಲ. ಮೈಸೂರಿನ ಮನೆಯ ಶೋಕೇಸಿನಲ್ಲಿ, ಗೊಂಬೆಗಳ ಪಕ್ಕ, ಅದು ಏಪ್ರಿಲ್ ಪೂರ್ತಿ ಬಿಸಿಲು ಕಾಯಿತು. ತೆರೆದಾಗ ಬಂದದ್ದು ಹಳೇ ಟ್ರಂಕಿನ ವಾಸನೆ. ಭಾವ ಪಾಪ ಮರ್ಯಾದೆಗೆ ಎರಡು ಗುಟುಕು ಕುಡಿದರು. ನಾನು ಅಂಗಡಿಯವರನ್ನೇ ಮನಸ್ಸಿನಲ್ಲಿ ಬೈದುಕೊಂಡು ವಾಪಸ್ ಬಂದೆ. ಸಾಕೆ ಅಂಗಡಿಯ ಅಜ್ಜಿಯ ಹತ್ತಿರ ದೂರು ಹೇಳುತ್ತಾ ಫೋನಿನಲ್ಲಿ ಲೇಬಲ್ಲಿನ ಫೋಟೊ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಒಂದೇ ಅಕ್ಷರದ ಮೇಲೆ ಬೆರಳಿಟ್ಟರು. 'ನಾಮಾ.' ಹಸಿ ಅಂತ ಅರ್ಥ.

ಸಾಮಾನ್ಯವಾಗಿ ಸಾಕೆಯನ್ನು ಎರಡು ಸಲ ಬಿಸಿ ಮಾಡಿ ಒಳಗಿನ ಕಿಣ್ವಗಳನ್ನು ಸುಮ್ಮನಾಗಿಸುತ್ತಾರೆ. ನಾಮಾಗೆ ಅದನ್ನು ಮಾಡುವುದಿಲ್ಲ. ಅದಕ್ಕೇ ಅಷ್ಟು ತಾಜಾ, ಅಷ್ಟು ಚುರುಕು. ಫ್ರಿಜ್ಜಿನಿಂದ ಹೊರಗಿಟ್ಟರೆ ಅಷ್ಟೇ ಬೇಗ ಕೆಡುತ್ತದೆ. ಲೇಬಲ್ಲಿನ ಮೇಲೆ ತಂಪಿನಲ್ಲಿಡಿ ಅಂತ ಬರೆದೇ ಇತ್ತು. ಓದಲು ಬರದವನು ನಾನು. ಬಿಸಿ ಮಾಡಿದ ಸಾಕೆಗೂ ಬಿಸಿಲು ಆಗುವುದಿಲ್ಲ, ಬೆಳಕಿಗೆ ವಾಸನೆ ಬರುತ್ತದೆ. ಪೇಪರಿನಲ್ಲಿ ಸುತ್ತಿ ಕತ್ತಲಲ್ಲಿ ನಿಲ್ಲಿಸಿ.

ಹಿಂದಿನಿಂದ ಒಂದು ಪ್ರಶ್ನೆ ಬಂತು. ಬಾಟಲಿಯ ಹಿಂದೆ +5, −3 ಅಂತ ಇರುತ್ತದಲ್ಲ, ಅದೇನು? ನೀರಿಗೆ ಹೋಲಿಸಿದರೆ ಸಾಕೆ ಎಷ್ಟು ಭಾರ, ಎಷ್ಟು ಹಗುರ ಅನ್ನುವ ಅಳತೆ ಅದು. ಸಕ್ಕರೆ ಜಾಸ್ತಿ ಉಳಿದಿದ್ದರೆ ಮೈನಸ್, ಕಡಿಮೆ ಇದ್ದರೆ ಪ್ಲಸ್. ಪ್ಲಸ್ ಅಂದರೆ ಸಿಹಿ ಇಲ್ಲದ ಖಡಕ್ ರುಚಿ, ಮೈನಸ್ ಅಂದರೆ ಸಿಹಿ ಅಂತ ಅಂದಾಜು ಹಾಕುತ್ತಾರೆ. ಅಂದಾಜು ಅಷ್ಟೇ. ಹುಳಿ ಜಾಸ್ತಿ ಇದ್ದರೆ ಮೈನಸ್ ಕೂಡ ಸಿಹಿ ಅನ್ನಿಸುವುದಿಲ್ಲ. ನಿಂಬೆ ಪಾನಕಕ್ಕೆ ಎಷ್ಟು ಸಕ್ಕರೆ ಹಾಕಿದ್ದೀರಿ ಅಂತ ಕುಡಿದವರಿಗೆ ಗೊತ್ತಾಗುತ್ತದೆಯೇ?

ಇನ್ನೊಬ್ಬರು ಮುಂದಿನ ತಿಂಗಳು ಊರಿಗೆ ಹೊರಟಿದ್ದಾರೆ. ಅಪ್ಪ ವಿಸ್ಕಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಏನು ಒಯ್ಯಲಿ ಅಂತ ಕೇಳಿದರು. ಘಮದ ದಾಯ್ಗಿಂಜೊ ಬೇಡ ಅಂತ ನನ್ನ ಸಲಹೆ. ಅವರಿಗೆ ಅದು ಹಣ್ಣಿನ ರಸ ಅನ್ನಿಸೀತು. ಒಂದು ಯಾಮಾಹಾಯ್ ಗೆನ್ಶು ತೆಗೆದುಕೊಳ್ಳಿ, ಮದ್ಯ ಸ್ವಲ್ಪ ಜಾಸ್ತಿ, ಮೈ ಗಟ್ಟಿ. ಇನ್ನೊಂದು 'ಕೊಶು', ವರ್ಷಗಟ್ಟಲೆ ಇಟ್ಟು ಮಾಗಿಸಿದ ಸಾಕೆ. ಬೆಲ್ಲದ ಬಣ್ಣ, ಒಣದ್ರಾಕ್ಷಿ ಮತ್ತು ಸೋಯಾ ಸಾಸಿನ ನಡುವಿನ ವಾಸನೆ. ವಿಸ್ಕಿ ಕುಡಿಯುವವರು ಸಾಕೆಯ ಕಡೆ ತಿರುಗಿ ನೋಡುವುದು ಸಾಮಾನ್ಯವಾಗಿ ಇಲ್ಲಿಂದಲೇ. ಎರಡೂ 300 ಮಿಲಿಯ ಪುಟ್ಟ ಬಾಟಲಿಗಳಲ್ಲಿ ಸಿಗುತ್ತವಾ ಅಂತ ಅಂಗಡಿಯಲ್ಲಿ ಕೇಳಿ. ಕಸ್ಟಮ್ಸಿನವರು ಎರಡು ಲೀಟರಿನವರೆಗೆ ಬಿಡುತ್ತಾರೆ, ಜಾಗ ಬೇಕಾದಷ್ಟಿದೆ. ಬಟ್ಟೆಯ ನಡುವೆ ಸುತ್ತಿ ಇಡಿ. ಹೋದ ದಿನವೇ ತೆಗೆಯಿರಿ, ಎರಡನ್ನೂ ಒಟ್ಟಿಗೆ. ಹೊರಡುವ ಮುಂಚೆ ಲೇಬಲ್ಲಿನ ಮೇಲೆ ಆ ಒಂದು ಅಕ್ಷರ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.